ಒಂಬತ್ತು ಸಲ, ಅದೇ ಗೆರೆ

2025ರ ಆಗಸ್ಟ್ ಕೊನೆಯ ಒಂದು ಭಾನುವಾರ. ಟ್ರಾಫಿಕ್ ದಂಡ ಬಾಕಿ ಇರುವವರು ಅರ್ಧ ಕಟ್ಟಿದರೆ ಸಾಕು, ಸೆಪ್ಟೆಂಬರ್ 12ರವರೆಗೆ ಟೈಮಿದೆ ಅಂತ ಟಿವಿಯಲ್ಲಿ ಬರುತ್ತಿತ್ತು. ಹೆಂಡತಿ ಕಾಯಿ ತುರಿಯುತ್ತಾ, "ನಮ್ದೂ ಒಂದ್ಸಲ ನೋಡ್ರೀ" ಅಂದಳು. ನಮ್ಮದೇನಿರುತ್ತೆ ಬಿಡು ಅಂದೆ. ಹೆಲ್ಮೆಟ್ ಇಲ್ಲದೆ ಪಕ್ಕದ ಬೀದಿಯ ಹಾಲಿನ ಅಂಗಡಿಗೂ ಹೋಗದ ಮನುಷ್ಯ ನಾನು. ಸಿಗ್ನಲ್ ಹಾರುವವನಲ್ಲ, ಮೂರು ಜನ ಕೂರಿಸಿಕೊಳ್ಳುವವನಲ್ಲ. ಸುಮ್ನೆ ಅವಳ ಸಮಾಧಾನಕ್ಕೆ ಅಂತ ಸ್ಕೂಟರ್ ನಂಬರ್ ಹೊಡೆದೆ.

ಒಂಬತ್ತು ಕೇಸ್.

ಬೇರೆ ಯಾರದ್ದೋ ಗಾಡಿ ಇರಬೇಕು ಅಂತ ನಂಬರ್ ಮತ್ತೆ ಹೊಡೆದೆ. ಆಗಲೂ ಒಂಬತ್ತೇ. ಫೋಟೋ ತೆರೆದು ನೋಡಿದರೆ ನಾನೇ. ಎಲ್ಲದರಲ್ಲೂ ಬೆನ್ನು ಕಾಣುತ್ತದೆ. ಒಂದರಲ್ಲಿ ರೇನ್‌ಕೋಟ್ ಹಾಕಿದ್ದೇನೆ, ಒಂದರಲ್ಲಿ ಕಾಲ ಹತ್ತಿರ ಹೂಕೋಸಿನ ಚೀಲ ಇದೆ, ಇನ್ನೊಂದರಲ್ಲಿ ಮಗಳು ಹಿಂದೆ ಕೂತು ಮೇಲೆ ನೋಡುತ್ತಿದ್ದಾಳೆ, ಸರಿಯಾಗಿ ಕ್ಯಾಮರಾ ಕಡೆಗೇ. ಎರಡು ವರ್ಷದಲ್ಲಿ ಒಂಬತ್ತು ಫೋಟೋ. ನಮ್ಮ ಮನೆಯವರು ಯಾರೂ ನನ್ನ ಇಷ್ಟು ಫೋಟೋ ತೆಗೆದಿಲ್ಲ.

ಒಂಬತ್ತೂ ಒಂದೇ ಜಂಕ್ಷನ್, ಒಂದೇ ತಪ್ಪು. ಕೆಂಪು ದೀಪ ಬಿದ್ದಾಗ ಸ್ಟಾಪ್ ಲೈನ್ ದಾಟಿ ನಿಂತಿದ್ದೇನೆ. ಎಷ್ಟು ದಾಟಿದ್ದೇನೆ ಅಂದರೆ ಮುಂದಿನ ಚಕ್ರ ಝೀಬ್ರಾ ಪಟ್ಟಿಯ ಮೇಲೆ. ಐನೂರರಂತೆ ಒಂಬತ್ತಕ್ಕೆ ನಾಲ್ಕೂವರೆ ಸಾವಿರ, ರಿಯಾಯಿತಿಯಲ್ಲಿ ಎರಡು ಸಾವಿರದ ಇನ್ನೂರ ಐವತ್ತು. ಹೆಂಡತಿ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ನಾನು ತಪ್ಪು ಮಾಡಿಲ್ಲ ಅಂತ ಇಲ್ಲಿ ವಾದ ಮಾಡುತ್ತಿಲ್ಲ. ಮಾಡಿದ್ದೇನೆ, ಫೋಟೋ ಇದೆ. ಆದರೆ ದುಡ್ಡು ಕಟ್ಟಿ ಎಷ್ಟೋ ದಿನ ಆದ ಮೇಲೂ ಒಂದು ವಿಷಯ ಹಲ್ಲಿನ ಸಂದಿಯಲ್ಲಿ ಸಿಕ್ಕ ತೆಂಗಿನ ನಾರಿನ ಹಾಗೆ ಹೋಗಲಿಲ್ಲ. ಮೊದಲನೇ ಸಲಕ್ಕೇ ನನಗೆ ಗೊತ್ತಾಗಿದ್ದರೆ ಎರಡನೇದು ಆಗುತ್ತಿತ್ತಾ? ಖಂಡಿತ ಇಲ್ಲ. ಐನೂರು ರೂಪಾಯಿ ಹೋದರೆ ಆರು ತಿಂಗಳು ನೆನಪಿಟ್ಟುಕೊಳ್ಳುವ ಜಾತಿ ನಾನು. ಹಾಗಾದರೆ ಉಳಿದ ಎಂಟು ಯಾಕೆ ಆಯಿತು?

ಅರ್ಧ ತಪ್ಪು ನನ್ನದೇ. ಸ್ಕೂಟರ್ ತಗೊಂಡಿದ್ದು 2017ರಲ್ಲಿ. ಆಗ ಶೋರೂಮಿನಲ್ಲಿ ಕೊಟ್ಟ ಮೊಬೈಲ್ ನಂಬರೇ ಆರ್‌ಸಿ ದಾಖಲೆಯಲ್ಲಿ ಉಳಿದಿದೆ. ಆ ಸಿಮ್ಮನ್ನು ಲಾಕ್‌ಡೌನ್ ಕಾಲದಲ್ಲಿ ರೀಚಾರ್ಜ್ ಮಾಡದೆ ಬಿಟ್ಟೆ. ಮೆಸೇಜುಗಳೆಲ್ಲ ಅಲ್ಲಿಗೇ ಹೋಗಿವೆ. ಯಾರಿಗೆ ಹೋಗಿರಬಹುದು ಅಂತ ಕುತೂಹಲಕ್ಕೆ ನನ್ನದೇ ಹಳೇ ನಂಬರಿಗೆ ಫೋನ್ ಮಾಡಿದೆ. ಹುಬ್ಬಳ್ಳಿ ಕಡೆಯ ದನಿ. ವಿಷಯ ಹೇಳಿದೆ. "ಹೌದ್ರೀ, ಬರ್ತಿದ್ವು. ನನ್ ಕಡೆ ಗಾಡೀನ ಇಲ್ರೀ. ಯಾವ್ದೋ ಮೋಸದ್ದ ಇರಬೇಕು ಅಂತ ತಗದ್ ಒಗದೆ" ಅಂದರು. ಅವರನ್ನು ಬೈಯುವ ಹಾಗಿಲ್ಲ. ಟ್ರಾಫಿಕ್ ದಂಡ ಅಂತ ಹೇಳಿ ವಾಟ್ಸಾಪಿನಲ್ಲಿ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್, ಕಳಿಸಿ, ಒತ್ತಿದವರ ಬ್ಯಾಂಕ್ ಖಾಲಿ ಮಾಡುವವರು ಎಷ್ಟೋ ಜನ ಇದ್ದಾರೆ. ನಿಜವಾದ ಮೆಸೇಜನ್ನೂ ಜನ ನಂಬದ ಕಾಲ ಇದು. ನನ್ನ ಅಪ್ಪನಿಗೆ ಇಂಥದ್ದು ಬಂದರೆ ಮುಟ್ಟಲೇಬೇಡಿ ಅಂತ ಹೇಳಿಕೊಟ್ಟವನು ನಾನೇ.

ಆದರೂ ಆ ಜಂಕ್ಷನ್ನಿನಲ್ಲಿ ಮೊದಲು ಒಬ್ಬರು ಟ್ರಾಫಿಕ್ ಪೊಲೀಸ್ ನಿಲ್ಲುತ್ತಿದ್ದರು ನೋಡಿ. ದಪ್ಪ ಮೀಸೆ, ಸಣ್ಣ ಸೀಟಿ. ಗೆರೆ ದಾಟಿದರೆ ಸೀಟಿ ಊದಿ, ಲಾಠಿಯಲ್ಲಿ ಹಿಂದಕ್ಕೆ ಅಂತ ತೋರಿಸುತ್ತಿದ್ದರು. ನಾವು ಕಾಲಲ್ಲಿ ನೆಲ ಒತ್ತಿ ಗಾಡಿ ಹಿಂದೆ ತಳ್ಳುತ್ತಿದ್ದೆವು. ನಾಲ್ಕು ಜನ ನೋಡುತ್ತಿದ್ದರು, ನಾಚಿಕೆ ಆಗುತ್ತಿತ್ತು. ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಿದ್ದದ್ದು ಜನ ದಾಟಲು ಜಾಗ. ಸೀಟಿ ಊದಿದ ಕೂಡಲೇ ಆ ಜಾಗ ಸಿಗುತ್ತಿತ್ತು. ಕ್ಯಾಮರಾ ಬಂದ ಮೇಲೆ ಅವರನ್ನು ಬೇರೆ ಕಡೆ ಹಾಕಿದರು ಅನ್ನಿಸುತ್ತದೆ. ಈಗ ಗೆರೆ ದಾಟಿ ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಎಲ್ಲರೂ ದಾಟಿ ನಿಲ್ಲುತ್ತಾರೆ, ನಾನೂ ನಿಲ್ಲುತ್ತಿದ್ದೆ. ದಾಟಬೇಕಾದ ಅಜ್ಜಿ ನಮ್ಮ ಗಾಡಿಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತಾರೆ. ಮೇಲೆ ಕಂಬದಲ್ಲಿ ಕೂತದ್ದು ಸದ್ದಿಲ್ಲದೆ ಎಣಿಸುತ್ತಿರುತ್ತದೆ.

ಸೀಟಿ ಹೇಳುತ್ತಿತ್ತು, ಕ್ಯಾಮರಾ ಎಣಿಸುತ್ತದೆ. ನನ್ನ ತಕರಾರು ಇಷ್ಟೇ.

ಇದನ್ನು ಆಫೀಸಿನಲ್ಲಿ ಹೇಳಿದರೆ "ಹಾಗಾದರೆ ಹಳೇ ಕಾಲವೇ ಚೆನ್ನಾಗಿತ್ತಾ?" ಅಂತ ಒಬ್ಬರು ಮೈಮೇಲೆ ಬಿದ್ದರು. ಚೆನ್ನಾಗಿರಲಿಲ್ಲ, ಖಂಡಿತ ಚೆನ್ನಾಗಿರಲಿಲ್ಲ. ತಿರುವಿನಲ್ಲಿ ಮರದ ಹಿಂದೆ ನಿಂತು, ಒಮ್ಮೆಗೇ ಅಡ್ಡ ಬಂದು, ಓಡುತ್ತಿರುವ ಗಾಡಿಯ ಕೀ ಕಿತ್ತುಕೊಳ್ಳುವ ದೃಶ್ಯ ಮರೆಯಲು ಸಾಧ್ಯವೇ? ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್, ಎಲ್ಲ ಸರಿ ಇದ್ದರೂ ಏನೋ ಒಂದು ಹುಡುಕುವುದು. ರಸೀದಿ ಬೇಕಾ ಬೇಡ್ವಾ ಅನ್ನುವ ಆ ಮೆಲುದನಿ. ಈ ಗೋಳು ಜಾಸ್ತಿಯಾಗಿಯೇ 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ತಪ್ಪು ಮಾಡದ ಹೊರತು ಬರೀ ದಾಖಲೆ ನೋಡುವುದಕ್ಕೆ ಗಾಡಿ ನಿಲ್ಲಿಸಬೇಡಿ ಅಂತ ಹೇಳಿದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಐಟಿಎಂಎಸ್, ಅಂದರೆ ಕ್ಯಾಮರಾದಲ್ಲೇ ತಪ್ಪು ಹಿಡಿದು ಕೇಸ್ ಹಾಕುವ ವ್ಯವಸ್ಥೆ, ಬಂತು. 50 ಜಂಕ್ಷನ್, ನಂಬರ್ ಪ್ಲೇಟ್ ಓದುವ 250 ಕ್ಯಾಮರಾ, ಕೆಂಪು ದೀಪ ಹಾರುವವರನ್ನು ಹಿಡಿಯುವ 80 ಕ್ಯಾಮರಾ. ಹೆಲ್ಮೆಟ್, ಸೀಟ್ ಬೆಲ್ಟ್, ತ್ರಿಬಲ್ ರೈಡಿಂಗ್, ಫೋನಿನಲ್ಲಿ ಮಾತಾಡುತ್ತಾ ಓಡಿಸುವುದು, ಎಲ್ಲ ಅದೇ ನೋಡಿಕೊಳ್ಳುತ್ತದೆ. ಅದಕ್ಕೆ ಚಹಾ ಬೇಡ, ಕಾಸು ಬೇಡ, "ನಮ್ಮ ಸಾಹೇಬರಿಗೆ ಫೋನ್ ಮಾಡ್ಲಾ?" ಅಂದರೆ ಹೆದರುವುದೂ ಇಲ್ಲ.

ಅದು ಮುಖ ನೋಡುವುದಿಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿ ಅದೇ ರಿಯಾಯಿತಿಯ ದಿನಗಳಲ್ಲಿ ಸಿಕ್ಕಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಏಳು ಕೇಸ್ ಇದ್ದವು. ಆರು, ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದಕ್ಕೆ. ಇನ್ನೊಂದು ವೇಗಕ್ಕೆ. ಒಬ್ಬ ಕಾನ್‌ಸ್ಟೇಬಲ್ ಆ ಕಾರನ್ನು ನಿಲ್ಲಿಸಿ ಬೆಲ್ಟ್ ಹಾಕಿ ಸಾರ್ ಅನ್ನುವುದನ್ನು ಕಲ್ಪಿಸಿಕೊಳ್ಳಿ. ಆಗುವ ಮಾತಾ? ಸೆಲ್ಯೂಟ್ ಹೊಡೆದು ದಾರಿ ಬಿಡಿಸುತ್ತಿದ್ದರು. ಕ್ಯಾಮರಾ ಮಾತ್ರ ನನಗೆ ಬರೆದ ಹಾಗೇ ಅವರಿಗೂ ಬರೆಯಿತು. ಅದಕ್ಕೂ ಒಂದು ತಿಂಗಳ ಹಿಂದೆ ಡಿ.ಕೆ. ಶಿವಕುಮಾರ್ ಅವರು ಹೆಬ್ಬಾಳ ಫ್ಲೈಓವರಿನ ಹೊಸ ಲೂಪ್ ನೋಡಲು ಸ್ಕೂಟರ್ ಓಡಿಸಿದ್ದರಲ್ಲ, ಆ ಸ್ಕೂಟರ್ ಮೇಲೆ 34 ಕೇಸ್, 18,500 ರೂಪಾಯಿ ಬಾಕಿ. ಗಾಡಿ ಅವರದ್ದಲ್ಲ, ಕೇಸೂ ಅವರದ್ದಲ್ಲ. ಆದರೆ ವಿಡಿಯೋ ಬಂದ ಮೇಲೆ ಯಾರೋ ನಂಬರ್ ಹಾಕಿ ನೋಡಿದರು, ಗಲಾಟೆ ಆಯಿತು, ದುಡ್ಡು ಕಟ್ಟಿದರು. ಮುಖ್ಯಮಂತ್ರಿಗಳ ಕಾರಿಗೂ ಅಷ್ಟೇ, ಅರ್ಧ ರಿಯಾಯಿತಿಯಲ್ಲಿ ಕಟ್ಟಿದರು.

ಓದಿದಾಗ ನಗು ಬಂತು, ಜೊತೆಗೆ ಒಂಥರಾ ಸಮಾಧಾನವೂ ಆಯಿತು. ನಾನೊಬ್ಬನೇ ಅಲ್ಲ ಅಂತ. ಆಮೇಲೆ ಯೋಚಿಸಿದೆ. ಏಳು ಸಲ ಬರೆದರೂ ಆರು ಸಲ ಅದೇ ಬೆಲ್ಟು. ಅಂದರೆ ಬರೆದದ್ದರಿಂದ ಬೆಲ್ಟ್ ಬೀಳಲಿಲ್ಲ. ನನ್ನ ಗೆರೆಯ ಕಥೆಯೇ ಅಲ್ಲಿಯೂ. ವಿಧಾನಸೌಧದಲ್ಲಿ ಕೂತವರಿಗೂ, ಸ್ಕೂಟರಿನಲ್ಲಿ ಹೂಕೋಸು ತರುವವನಿಗೂ ಈ ವಿಷಯದಲ್ಲಿ ಪೂರ್ತಿ ಸಮಾನತೆ.

ನಿಯಮ ಏನು ಹೇಳುತ್ತದೆ ಅಂತ ಒಂದು ರಾತ್ರಿ ಕೂತು ಓದಿದೆ. (ಅಕೌಂಟ್ಸ್ ಕೆಲಸ ಮಾಡುವವನಿಗೆ ನಿಯಮ ಓದುವುದು ಒಂದು ಚಟ, ಕ್ಷಮಿಸಿ.) ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಾಗ 136ಎ ಅಂತ ಒಂದು ಕಲಂ ಸೇರಿಸಿದರು, ಕ್ಯಾಮರಾ ಇಟ್ಟು ಹಿಡಿಯುವುದಕ್ಕೆ ಅದೇ ಆಧಾರ. ಅದರ ವಿವರ 2021ರ ಆಗಸ್ಟ್‌ನಲ್ಲಿ ನಿಯಮ 167ಎ ಆಗಿ ಬಂತು. ಓದಿದರೆ ಆಶ್ಚರ್ಯ ಆಗುತ್ತದೆ, ಅಷ್ಟು ಚೆನ್ನಾಗಿದೆ. ಯಂತ್ರಕ್ಕೆ ಒಪ್ಪಿಗೆ ಪತ್ರ ಇರಬೇಕು, ಅದನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. ಕ್ಯಾಮರಾ ಇರುವ ರಸ್ತೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಹಾಕಬೇಕು. ಚಲನ್‌ನಲ್ಲಿ ತಪ್ಪು ಸ್ಪಷ್ಟವಾಗಿ ಕಾಣುವ ಫೋಟೋ, ನಂಬರ್ ಪ್ಲೇಟ್, ಯಂತ್ರ ಅಳೆದ ಲೆಕ್ಕ, ದಿನ, ಹೊತ್ತು, ಜಾಗ ಎಲ್ಲ ಇರಬೇಕು. ನೋಟಿಸನ್ನು ತಪ್ಪು ನಡೆದ 15 ದಿನದೊಳಗೆ ಕಳಿಸಬೇಕು.

ಹದಿನೈದು ದಿನ! ಯಾರೋ ಯೋಚನೆ ಮಾಡಿಯೇ ಬರೆದಿದ್ದಾರೆ. ಹದಿನೈದು ದಿನದಲ್ಲಿ ಮನುಷ್ಯನಿಗೆ ನೆನಪಿರುತ್ತದೆ. "ಆವತ್ತು ಹಿಂದೆ ಆಂಬುಲೆನ್ಸ್ ಇತ್ತು ಸಾರ್, ಜಾಗ ಬಿಡೋಕೆ ಮುಂದೆ ಹೋದೆ" ಅಂತ ಹೇಳಬಹುದು. "ಅವತ್ತು ಸಿಗ್ನಲ್ ಕೆಟ್ಟಿತ್ತು" ಅಂತ ಹೇಳಬಹುದು. ಎರಡು ವರ್ಷ ಆದ ಮೇಲೆ 2023ರ ಒಂದು ಮಂಗಳವಾರ ಬೆಳಗ್ಗೆ 9 ಗಂಟೆ 12 ನಿಮಿಷಕ್ಕೆ ನೀನು ಅಲ್ಲಿ ಯಾಕೆ ನಿಂತಿದ್ದೆ ಅಂತ ಕೇಳಿದರೆ ಯಾರು ತಾನೇ ಏನು ಹೇಳಿಯಾರು? ನನ್ನ ಒಂಬತ್ತರಲ್ಲಿ ಒಂದು ಫೋಟೋದಲ್ಲಿ ನನ್ನ ಎಡಕ್ಕೆ ಇರುವ ಮೂರು ಗಾಡಿಗಳೂ ಓರೆಯಾಗಿ ನಿಂತಿವೆ. ಯಾವುದಕ್ಕೋ ದಾರಿ ಬಿಟ್ಟ ಹಾಗೆ ಕಾಣುತ್ತದೆ. ಆಂಬುಲೆನ್ಸೇ ಇರಬಹುದು. ಬಿಎಂಟಿಸಿ ಬಸ್ಸಿನ ಹಾರ್ನಿಗೆ ಹೆದರಿಯೂ ಇರಬಹುದು. ದೇವರಾಣೆಗೂ ನೆನಪಿಲ್ಲ. ನೆನಪಿಲ್ಲದವನ ಹತ್ತಿರ ವಾದ ಎಲ್ಲಿರುತ್ತದೆ?

ಎಸ್ಎಂಎಸ್ ಹಳೇ ನಂಬರಿಗೆ ಹೋದರೂ ಕಳಿಸಿದ ಹಾಗೇ ಲೆಕ್ಕ ಅನ್ನಬಹುದು. ಸರಿ. ಆದರೆ ಇನ್ಶೂರೆನ್ಸ್ ಮುಗಿಯುವ ಮೊದಲು ಅದೇ ವಿಳಾಸಕ್ಕೆ, ಅದೇ ಮನೆಗೆ, ವರ್ಷಕ್ಕೆ ನಾಲ್ಕು ಕಾಗದ ಬರುತ್ತವೆ. ಒಂಬತ್ತು ಕೇಸಿನಲ್ಲಿ ಒಂದಕ್ಕಾದರೂ ಪೋಸ್ಟಿನಲ್ಲಿ ಒಂದು ಕಾಗದ ಬಂದಿದ್ದರೆ ಸಾಕಿತ್ತು.

ಕಾಲೇಜಿನ ಗೆಳೆಯನೊಬ್ಬ ಇಂಗ್ಲೆಂಡಿನಲ್ಲಿದ್ದಾನೆ, ದಾವಣಗೆರೆಯವನು. ಅವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅಲ್ಲಿ ವೇಗದ ಕ್ಯಾಮರಾಗೆ ಸಿಕ್ಕಿಬಿದ್ದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ 14 ದಿನದೊಳಗೆ ಕಾಗದ ತಲುಪಬೇಕಂತೆ. ತಡ ಆದರೆ ಸಾಮಾನ್ಯವಾಗಿ ಕೇಸೇ ನಿಲ್ಲುವುದಿಲ್ಲ. ಕಾಗದದಲ್ಲಿ ಮೊದಲನೇ ಪ್ರಶ್ನೆ ದುಡ್ಡಿನದಲ್ಲ, ಆವತ್ತು ಓಡಿಸುತ್ತಿದ್ದವರು ಯಾರು ಅನ್ನುವುದು. ವೇಗ ಸ್ವಲ್ಪವೇ ಜಾಸ್ತಿ ಇದ್ದರೆ ದಂಡದ ಬದಲು ಒಂದು ಪಾಠ ಕೇಳಲು ಕರೆಯುತ್ತಾರೆ. ಇವನೂ ಒಂದು ಸಲ ಹೋಗಿ ಕೂತು ಬಂದಿದ್ದಾನೆ. "ಬೋರೋ ಬೋರು ಮಾರಾಯಾ, ಆದ್ರೆ ಆವತ್ತಿಂದ ಮೀಟರ್ ನೋಡ್ತೀನಿ" ಅಂದ. ಅಲ್ಲೇನು ಎಲ್ಲ ಸರಿಯಿದೆ ಅಂತಲ್ಲ. 2021ರಲ್ಲಿ ಸರ್ರೆ ಕಡೆಯ ಒಂದು ದಂಪತಿಗೆ ಬಾತ್ ಅನ್ನುವ ದೂರದ ಊರಿನ ಬಸ್ ಲೇನಿನಲ್ಲಿ ಗಾಡಿ ಓಡಿಸಿದ್ದೀರಿ ಅಂತ ದಂಡ ಬಂತು. ಫೋಟೋ ನೋಡಿದರೆ ಗಾಡಿಯೇ ಇಲ್ಲ. ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಾರೆ, ಅವರ ಟೀ ಶರ್ಟಿನ ಮೇಲೆ ಹೆಣಿಗೆ ಹಾಕುವವಳು ಅನ್ನುವ ಅರ್ಥದ ಇಂಗ್ಲಿಷ್ ಪದ, 'ನಿಟರ್'. ಬ್ಯಾಗಿನ ಪಟ್ಟಿ ಅಡ್ಡ ಬಂದು ಆ ಅಕ್ಷರ ಕ್ಯಾಮರಾ ಕಣ್ಣಿಗೆ ಕೆಎನ್ 19 ಟಿಇಆರ್ ಅಂತ ಇವರ ಕಾರಿನ ನಂಬರಿನ ಹಾಗೆ ಕಂಡಿದೆ! ಫೋನ್ ಮಾಡಿದಾಗ ಆ ಕಡೆಯವರೂ ನಕ್ಕು ಬಿಟ್ಟುಬಿಟ್ಟರಂತೆ. ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಟೀ ಶರ್ಟ್ ಅಲ್ಲ. ಫೋನ್ ಮಾಡಿದರೆ ಎತ್ತಿ, ಫೋಟೋ ನೋಡಿ, ನಗುವುದಕ್ಕೆ ಒಬ್ಬ ಮನುಷ್ಯ ಇದ್ದನಲ್ಲ, ಅದು.

ಯಾರು ಓಡಿಸುತ್ತಿದ್ದರು ಅನ್ನುವುದು ನಮ್ಮ ಕಡೆ ದೊಡ್ಡ ರಾಮಾಯಣ. ಕಾಯ್ದೆಯಲ್ಲಿ ನಮ್ಮಲ್ಲೂ ಇದೆ, ಕೇಳಿದರೆ ಮಾಲೀಕ ಹೇಳಬೇಕು ಅಂತ. ಆದರೆ ನಮ್ಮ ಮನೆಗಳಲ್ಲಿ ಒಂದು ಕಾರು ಅಂದರೆ ಊರಿನ ಕಾರು. ನನ್ನ ಕಾರನ್ನು ಮಾವ, ಅಂದರೆ ಹೆಂಡತಿಯ ಅಪ್ಪ, ಒಂದು ಮದುವೆಗೆ ಅಂತ ತಗೊಂಡು ಹೋಗಿದ್ದರು. ಮಂಡ್ಯದವರು. ಮೈಸೂರು ಹೈವೇಯಲ್ಲಿ 100ರ ಮೇಲೆ ಹೋಗಿ ಸಿಕ್ಕಿಬಿದ್ದಿದ್ದಾರೆ. ಆ ರಸ್ತೆಯಲ್ಲಿ ವೇಗದ ಮಿತಿ 100. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ಅಲ್ಲಿ ಎಷ್ಟು ಜನ ಸತ್ತರು ಅಂತ ಆ ಕಡೆಯವರನ್ನು ಕೇಳಬೇಕು. ಅದಕ್ಕೇ ಆ ಆಗಸ್ಟ್‌ನಿಂದ ಬೈಕ್, ಆಟೋಗಳನ್ನು ನಡುವಿನ ಲೇನ್‌ಗಳಿಂದ ಹೊರಗೆ ಕಳಿಸಿದರು, ಕ್ಯಾಮರಾ ಹಾಕಿದರು, 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಅಂದರು. ಈಗ ಅಲ್ಲಿ ಓಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಜನ ನಿಜವಾಗಲೂ 98, 99ರಲ್ಲಿ ಹೋಗುತ್ತಾರೆ. ಹಾಗಾಗಿ ಆ ಕ್ಯಾಮರಾಗಳ ಬಗ್ಗೆ ನನಗೆ ಒಂದು ಮಾತೂ ಇಲ್ಲ, ಇನ್ನೂ ನಾಲ್ಕು ಹಾಕಲಿ.

ಆದರೆ ಮಾವನಿಗೆ ಹೇಳುವವರು ಯಾರು? ಹೆಂಡತಿ ನೀವೇ ಹೇಳಿ ಅಂದಳು. ನಾನು ಫೋನ್ ಮಾಡಿ, ಅದೂ ಇದೂ ಮಾತಾಡಿ, ಮಳೆ ಹೇಗಿದೆ ಅಂತ ಕೇಳಿ, ಕೊನೆಗೆ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ನೂರ್ ದಾಟಿಲ್ಲ ಕಣಪ್ಪ ನಾನು. ಗಾಡಿನೇ ಅಂಗೆ ಓಡ್ತದೆ" ಅಂದರು. ನಾನು ಕಟ್ಟಿದೆ. ಸಾವಿರ ರೂಪಾಯಿ. ಅಳಿಯನಾಗಿ ಅದು ದಂಡವೇ ಅಲ್ಲ, ಉಡುಗೊರೆ. ಆದರೆ ಮೀಟರ್ ನೋಡಿ ಓಡಿಸಬೇಕಾದವರು ಮಾವ, ದುಡ್ಡು ಹೋದದ್ದು ನನ್ನದು. ಅವರು ಈಗಲೂ ಅಂಗೇ ಓಡಿಸುತ್ತಾರೆ.

ಇನ್ನು ಗೆರೆಯ ವಿಷಯ. ಕೇಸ್ ಕಟ್ಟಿದ ಮೇಲೆ ಆ ಜಂಕ್ಷನ್ನಿಗೆ ಒಂದು ದಿನ ಬೇಕೆಂದೇ ನಡೆದು ಹೋಗಿ ನೋಡಿದೆ. ಸ್ಟಾಪ್ ಲೈನ್ ಎಡಗಡೆ ಅರ್ಧ ಇದೆ. ಬಲಗಡೆ ಪೈಪಿಗೆ ಅಂತ ಅಗೆದು, ಜಲ್ಲಿ ಹಾಕಿ, ಮೇಲೆ ಟಾರು ಬಳಿದಿದ್ದಾರೆ, ಅಲ್ಲಿ ಗೆರೆಯೇ ಇಲ್ಲ. ಝೀಬ್ರಾದ ಬಿಳಿ ಬಣ್ಣ ಟೈರಿಗೆ ಸವೆದು ಬೂದಿ ಬಣ್ಣ ಆಗಿದೆ. ಆದರೆ ಇಂಥ ಕ್ಯಾಮರಾ ರಸ್ತೆಯ ಮೇಲಿನ ಬಣ್ಣ ನೋಡಬೇಕಾಗಿಯೇ ಇಲ್ಲ. ಅದನ್ನು ಕೂರಿಸುವಾಗ ಪರದೆಯ ಮೇಲೆ ಒಂದು ಗೆರೆ ಎಳೆದು ಇಟ್ಟಿರುತ್ತಾರೆ. ದೀಪ ಕೆಂಪಗಿದ್ದಾಗ ಗಾಡಿ ಆ ಗೆರೆ ದಾಟಿದರೆ ಮುಗಿಯಿತು. ರಸ್ತೆಯ ಮೇಲಿನ ಗೆರೆ ಮಳೆಗೆ, ಟೈರಿಗೆ, ಅಗೆತಕ್ಕೆ ಹೋಗುತ್ತದೆ. ಕಂಪ್ಯೂಟರಿನೊಳಗಿನ ಗೆರೆ ಯಾವತ್ತೂ ಮಾಸುವುದಿಲ್ಲ. ನಮಗೆ ಕಾಣುವುದು ಮೊದಲನೆಯದು, ನಮ್ಮನ್ನು ಅಳೆಯುವುದು ಎರಡನೆಯದು. ನನ್ನ ಒಂಬತ್ತು ಫೋಟೋದಲ್ಲಿ ನಾಲ್ಕರಲ್ಲಿ ನಾನು ಬಲಗಡೆ ನಿಂತಿದ್ದೇನೆ, ಆ ಟಾರಿನ ತೇಪೆಯ ಮೇಲೆ.

ಇದಕ್ಕೆ ದೂರು ಕೊಡಬಹುದಾ? ಕೊಡಬಹುದು. ಒಂದು ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. "ಫೋಟೋ ನಿಮ್ದೇ ತಾನೇ ಸಾರ್?" ಹೌದು. "ಮುಂದೆ ನಿಂತಿದ್ದೀರಾ ತಾನೇ?" ಹೌದು. "ಮತ್ತೆ?" ಗೆರೆ ಇಲ್ಲವಲ್ಲ ಸಾರ್ ಅಂದೆ. ಗೆರೆ ಬಳಿಯುವುದು ನಮ್ಮ ಕೆಲಸ ಅಲ್ಲ ಸಾರ್, ಬೇರೆ ಇಲಾಖೆ ಅಂದರು. ನಿಜ, ಅವರ ಕೆಲಸ ಅಲ್ಲ. ಐನೂರು ರೂಪಾಯಿಗೆ ಅರ್ಧ ದಿನ ರಜೆ ಹಾಕಿ ಎಷ್ಟು ಇಲಾಖೆ ಸುತ್ತುವುದು? ನನಗಾದರೆ ರಜೆ ಇದೆ. ಊಟ ತಲುಪಿಸುವ ಹುಡುಗರು ಅರ್ಧ ದಿನ ಬಿಟ್ಟರೆ ಆ ದಿನದ ದುಡಿಮೆಯೇ ಹೋಯಿತು. ಅವರು ಸುಮ್ಮನೆ ಕಟ್ಟುತ್ತಾರೆ, ಇಲ್ಲವೇ ಕಟ್ಟುವುದೇ ಇಲ್ಲ.

ಮೂರನೇ ದಾರಿಯೂ ಒಂದಿದೆ. ಅದನ್ನು ದಿನಾ ನೋಡುತ್ತೇನೆ. ಸಿಗ್ನಲ್ ಹತ್ತಿರ ಬರುತ್ತಿದ್ದ ಹಾಗೆ ಹಿಂದೆ ಕೂತವರು ಕೈ ಕೆಳಗೆ ಬಿಟ್ಟು ನಂಬರ್ ಪ್ಲೇಟ್ ಮುಚ್ಚುತ್ತಾರೆ. ಕೆಲವರು ಕೊರೋನಾ ಕಾಲದ ಮಾಸ್ಕನ್ನು ಪ್ಲೇಟಿಗೆ ತೊಡಿಸಿದ್ದಾರೆ, ಪಾಪ ಗಾಡಿಗೆ ಶೀತ ಆಗಬಾರದು ಅಂತ. ಇನ್ನು ಕೆಲವರು ಪ್ಲೇಟನ್ನು ಬಗ್ಗಿಸಿ ಆಕಾಶ ನೋಡುವ ಹಾಗೆ ಮಾಡಿದ್ದಾರೆ. ಒಂದು ಅಕ್ಷರ ಕೆರೆದವರೂ ಇದ್ದಾರೆ, ಬೇರೆಯವರ ನಂಬರ್ ಹಾಕಿಕೊಂಡು ಓಡಾಡುವವರೂ ಇದ್ದಾರೆ. ಆ ಬೇರೆಯವರಿಗೆ ಮನೆಯಲ್ಲಿ ಕೂತಲ್ಲೇ ಕೇಸ್ ಬೀಳುತ್ತದೆ. ಸೀಟಿಯ ಪೊಲೀಸರು ಇದ್ದಿದ್ದರೆ ಈ ಮಾಸ್ಕ್ ಹಾಕಿದ ಗಾಡಿಯನ್ನೇ ಮೊದಲು ಹಿಡಿಯುತ್ತಿದ್ದರು. ಕ್ಯಾಮರಾಗೆ ಅದು ಗಾಡಿಯೇ ಅಲ್ಲ, ಏಕೆಂದರೆ ಓದಲು ಏನೂ ಇಲ್ಲ. ಹಾಗಾಗಿ ಅದರ ಬಲೆಗೆ ಬೀಳುವವರು ದುಡ್ಡು ಕೊಟ್ಟು ಎಚ್‌ಎಸ್‌ಆರ್‌ಪಿ ಹಾಕಿಸಿಕೊಂಡು, ಪ್ಲೇಟ್ ಒರೆಸಿಟ್ಟುಕೊಂಡ ನಮ್ಮಂಥವರೇ.

ರಿಯಾಯಿತಿ ಬಗ್ಗೆ ಹೇಳಲೇಬೇಕು. 2023ರ ಫೆಬ್ರವರಿಯಲ್ಲಿ ಮೊದಲ ಸಲ ಅರ್ಧ ದಂಡ ಅಂದಾಗ ಒಂಬತ್ತು ದಿನದಲ್ಲಿ 120 ಕೋಟಿ ದಾಟಿತು. ಸರ್ವರ್ ಸುಸ್ತಾಯಿತು. ಆಮೇಲೆ ಮತ್ತೆ ಕೊಟ್ಟರು, ಮತ್ತೆ ಕೊಟ್ಟರು, 2025ರಲ್ಲಿ ನಾನು ಕಟ್ಟಿದ ಸಲವೂ ನೂರು ಕೋಟಿ ದಾಟಿತು. ನನಗೆ ಲಾಭವೇ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಪಕ್ಕದ ಮನೆಯ ಆಟೋ ಅಣ್ಣ ಇದ್ದಾರೆ. ಅವರು ಮೆಸೇಜ್ ಬಂದ ವಾರದಲ್ಲೇ ಪೂರ್ತಿ ಕಟ್ಟುವವರು, ಆಟೋ ಮೇಲೆ ಕೇಸ್ ಇಟ್ಟುಕೊಂಡರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ತಲೆನೋವು ಅಂತ. ನಾನು ಅರ್ಧ ಕಟ್ಟಿದ್ದನ್ನು ಅವರ ಎದುರು ಹೇಳಿಕೊಂಡು ನಕ್ಕಿದ್ದು ತಪ್ಪಾಯಿತು. "ಅಂದ್ರೆ ಸಾಲ ಇಟ್ಕೊಂಡೋನೇ ಬುದ್ಧಿವಂತ ಅನ್ನಿ ಸಾರ್" ಅಂದರು. ಏನು ಹೇಳುವುದು? ಈಗ ಆಫೀಸಿನಲ್ಲಿ ಹುಡುಗರು ಯಾರೂ ಕಟ್ಟುವುದಿಲ್ಲ. ಮುಂದಿನ ರಿಯಾಯಿತಿ ಯಾವಾಗ ಅಂತ ಆಷಾಢದ ಸೀರೆ ಸೇಲ್ ಕಾಯುವ ಹಾಗೆ ಕಾಯುತ್ತಾರೆ. ಸ್ಕೂಟರಿನ ಬೆಲೆಗಿಂತ ಜಾಸ್ತಿ ದಂಡ ಕೂಡಿಹಾಕಿಕೊಂಡವರ ಸುದ್ದಿ ಪೇಪರಿನಲ್ಲಿ ಆಗಾಗ ಬರುವುದು ಇದಕ್ಕೇ.

ದಂಡದ ದುಡ್ಡು ಹೀಗೆ ಕೋಟಿಗಳಲ್ಲಿ ಸುದ್ದಿಯಾದಾಗ ನನಗೆ ಷಿಕಾಗೋ ನೆನಪಾಗುತ್ತದೆ. 2014ರಲ್ಲಿ ಅಲ್ಲಿ ಹಳದಿ ದೀಪ 3 ಸೆಕೆಂಡಿನ ಬದಲು 2.9 ಸೆಕೆಂಡ್ ಇದ್ದಾಗಲೂ ದಂಡ ಹಾಕಲು ಶುರು ಮಾಡಿದ್ದರು. ಸೆಕೆಂಡಿನ ಹತ್ತನೇ ಒಂದು ಭಾಗ! ಅಷ್ಟಕ್ಕೇ ಸುಮಾರು 77,000 ಟಿಕೆಟ್ ಜಾಸ್ತಿ ಬಿದ್ದವು, 77 ಲಕ್ಷ ಡಾಲರ್. ನಮ್ಮೂರಲ್ಲಿ ಹಾಗೆ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟು ಕೋಟಿ ಬಂತು ಅಂತ ಪ್ರತಿ ಸಲ ಹೇಳುವವರು, ಆ ಜಂಕ್ಷನ್ನಿನಲ್ಲಿ ಈಗ ಎಷ್ಟು ಜನ ಗೆರೆಯ ಹಿಂದೆ ನಿಲ್ಲುತ್ತಿದ್ದಾರೆ ಅಂತಲೂ ಒಮ್ಮೆ ಹೇಳಬೇಕು ಅಲ್ವಾ?

ನಾನೀಗ ನಿಲ್ಲುತ್ತೇನೆ. ಗೆರೆ ಇಲ್ಲದ ಕಡೆ ಅಂದಾಜಿನಲ್ಲಿ, ಎರಡು ಮಾರು ಹಿಂದೆಯೇ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮುಂದೆ ಇಷ್ಟು ಜಾಗ ಇದೆಯಲ್ಲ, ಈ ಅಂಕಲ್‌ಗೆ ಏನಾಗಿದೆ ಅಂತ ಪಕ್ಕದಿಂದ ನುಗ್ಗಿ ಹೋಗಿ ಝೀಬ್ರಾ ಮೇಲೆ ನಿಂತು ತಿರುಗಿ ನನ್ನನ್ನು ನೋಡುತ್ತಾರೆ. ನಾನು ಕಣ್ಣಿನಲ್ಲೇ ಕಂಬ ತೋರಿಸುತ್ತೇನೆ. ಒಂದಿಬ್ಬರಿಗೆ ಅರ್ಥ ಆಗಿ ಹಿಂದೆ ಸರಿದಿದ್ದಾರೆ.

ಆರ್‌ಸಿಯಲ್ಲಿ ಮೊಬೈಲ್ ನಂಬರನ್ನೂ ಬದಲಾಯಿಸಿದೆ, ಸ್ಕೂಟರಿಗೂ ಕಾರಿಗೂ. ಪರಿವಾಹನ್ ವೆಬ್‌ಸೈಟಿನಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ಆಧಾರ್ ಎಲ್ಲ ಹಾಕಿದರೆ ಆಗುತ್ತದೆ. ನಿಮ್ಮದೂ ಹಳೇ ನಂಬರ್ ಇದ್ದರೆ ಇವತ್ತೇ ಮಾಡಿ, ಹುಬ್ಬಳ್ಳಿಯ ಆ ಪುಣ್ಯಾತ್ಮರಿಗಾದರೂ ನೆಮ್ಮದಿ ಸಿಗಲಿ.

ಕಳೆದ ವಾರ ಮೊದಲ ಸಲ ಮೆಸೇಜ್ ನನ್ನ ಫೋನಿಗೇ ಬಂತು. ಮೂರು ದಿನದ ಹಿಂದಿನದು. ಕಾರು, ಸೀಟ್ ಬೆಲ್ಟ್, ಐನೂರು. ಆವತ್ತು ಕಾರು ಓಡಿಸಿದ್ದು ಹೆಂಡತಿ. ಇಷ್ಟು ದಿನ ಒಂಬತ್ತು, ಒಂಬತ್ತು ಅಂತ ಎಲ್ಲರೆದುರು ಹೇಳುತ್ತಿದ್ದಳಲ್ಲ, ಸಿಕ್ಕಿದಳು ಅಂತ ಅಡುಗೆಮನೆಗೆ ಫೋನ್ ಹಿಡಿದುಕೊಂಡು ಹೋದೆ. ಅವಳು ಕೈ ಒರೆಸಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದಳು. ಅವಳ ಭುಜದ ಮೇಲೆ ಬೆಲ್ಟ್ ನೆಟ್ಟಗೆ ಬಿದ್ದಿದೆ. ಪಕ್ಕದ ಸೀಟಿನವನು ಹಾಕಿಲ್ಲ. ಪಕ್ಕದ ಸೀಟಿನವನು ಬಾಳೆಹಣ್ಣು ಸುಲಿಯುತ್ತಿದ್ದಾನೆ.

"ಹತ್ತು" ಅಂದಳು.

ಅಲ್ಲೇ ನಿಂತು ಕಟ್ಟಿದೆ, ಪೂರ್ತಿ ಐನೂರು.